ಸೆರೆಮನೆಯ ಗೋಡೆಯಲ್ಲಿ ಶ್ರೀರಾಮ

ಭದ್ರಾಚಲ ರಾಮದಾಸರೆಂದು ಪ್ರಖ್ಯಾತರಾದ ಕಂಚರ್ಲ ಗೋಪನ್ನನವರು 17ನೆಯ ಶತಮಾನದಲ್ಲಿ ತೆಲುಗು ನಾಡಿನ ನೇಲಕೊಂಡಪಲ್ಲಿಯಲ್ಲಿ ಜನಿಸಿದರು. ಗೋಲ್ಕೊಂಡದ ಸುಲ್ತಾನ ಅಬುಲ್ ಹಸನ್ ತಾನಾಷಾನ ಆಳ್ವಿಕೆಯಲ್ಲಿ (1672–1687) ಪಾಲ್ವಂಚದ ತಹಸೀಲ್ದಾರರಾಗಿದ್ದ ಅವರು, ಗೋದಾವರಿಯ ತಟದ ಭದ್ರಾಚಲದಲ್ಲಿ ಶ್ರೀರಾಮನಿಗೆ ದೇಗುಲವನ್ನು ಕಟ್ಟಿಸಿದರು. ಸರ್ಕಾರದ ಕಂದಾಯವನ್ನು ಅದಕ್ಕಾಗಿ ವ್ಯಯಿಸಿದರೆಂಬ ಆರೋಪದ ಮೇಲೆ ಗೋಲ್ಕೊಂಡದ ಕೋಟೆಯಲ್ಲಿ ಬಂಧಿತರಾದರು. ಆ ಸೆರೆವಾಸವು ಹನ್ನೆರಡು ವರ್ಷಗಳದೆಂದು ಪ್ರತೀತಿ.

ಸೆರೆಯ ಕಲ್ಲುಗೋಡೆಯಲ್ಲಿ ಅವರು ಸೀತಾರಾಮಲಕ್ಷ್ಮಣರನ್ನೂ ಹನುಮಂತನನ್ನೂ ಕೆತ್ತಿ ಪೂಜಿಸಿದರೆಂದು ಪರಂಪರೆ ಹೇಳುತ್ತದೆ. ಕೋಟೆಗೆ ಬರುವವರು ಇಂದಿಗೂ ಆ ಮೂರ್ತಿಗಳಿಗೆ ಕೈಮುಗಿಯುತ್ತಾರೆ. ಕೀರ್ತನೆಗಳು ಹೊಮ್ಮಿದ್ದೂ ಅಲ್ಲಿಯೇ. ಸುಲ್ತಾನನಿಗೆ ಒಪ್ಪಿಸಲಾಗದ ಲೆಕ್ಕವನ್ನು ದಾಸರು ದೇವರಿಗೇ ಒಪ್ಪಿಸಿದರು. ಪ್ರಾಕಾರಕ್ಕೆ ತಗುಲಿದ್ದೆಷ್ಟು, ಸೀತಮ್ಮನ ಪದಕಕ್ಕೆ ತಗುಲಿದ್ದೆಷ್ಟು ಎಂದು ಎಣಿಸಿ ಹಾಡಿ, ರಾಮನನ್ನೇ ನಿಷ್ಠುರವಾಗಿ ದೂರಿದರು. ಮರುಕ್ಷಣವೇ, ಪೆಟ್ಟಿನ ನೋವು ತಾಳಲಾರದೆ ನಿಂದಿಸಿದೆನೆಂದು ಕ್ಷಮೆ ಬೇಡಿದರು. ಬೇಡುವ ಭಕ್ತಿಯಂತೆ ಜಗಳವಾಡುವ ಭಕ್ತಿಯೂ ಭಗವಂತನಿಗೆ ಸಲ್ಲುತ್ತದೆಂಬುದನ್ನು ಈ ಕೀರ್ತನೆಗಳು ತೋರಿಸಿಕೊಟ್ಟವು.

ರಾಮಲಕ್ಷ್ಮಣರೇ ಸೇವಕರ ವೇಷದಲ್ಲಿ ಬಂದು, ಸಲ್ಲಬೇಕಾದ ಹಣವನ್ನು ಸುಲ್ತಾನನಿಗೆ ತೆತ್ತು ದಾಸರನ್ನು ಬಿಡಿಸಿದರೆಂಬುದು ಭಕ್ತರ ನಂಬಿಕೆ. 1687ರಲ್ಲಿ ಔರಂಗಜೇಬನು ಗೋಲ್ಕೊಂಡವನ್ನು ಗೆದ್ದಾಗ ತಾನಾಷಾನೂ ಸೆರೆಯಾಳಾದನು. ರಾಜ್ಯ ಅಳಿಯಿತು, ಸೆರೆಯಲ್ಲಿ ಹುಟ್ಟಿದ ಹಾಡು ಉಳಿಯಿತು. ಮುಂದೆ ತ್ಯಾಗರಾಜರೂ ತಮ್ಮ ಕೃತಿಗಳಲ್ಲಿ ರಾಮದಾಸರನ್ನು ಭಕ್ತಿಯಿಂದ ಸ್ಮರಿಸಿದರು.