ಫ್ರಾಂಟ್ಜ್ ಫ್ಯಾನನ್

ಫ್ರಾಂಟ್ಜ್ ಫ್ಯಾನನ್ (ಜುಲೈ 20, 1925 – ಡಿಸೆಂಬರ್ 6, 1961) ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಮಾರ್ಟಿನಿಕ್‌ನಲ್ಲಿ ಜನಿಸಿದ ಮನೋವೈದ್ಯ ಹಾಗೂ ಲೇಖಕ. ವಸಾಹತುಶಾಹಿ ವಿರೋಧಿ ಚಿಂತಕರೆಂದೇ ಇವರು ಹೆಚ್ಚು ಪ್ರಸಿದ್ಧರು. ಆದರೆ ಇವರ ಚಿಂತನೆಯ ಬೇರುಗಳು ರೋಗಿಗಳ ನಡುವೆ, ಅದರಲ್ಲೂ ಊರು ಬಿಟ್ಟು ಬಂದವರ ನಡುವೆ ಇವೆ.

ಆರಂಭಿಕ ಜೀವನ

ಫ್ಯಾನನ್ ಹುಟ್ಟಿದ್ದು ಫೋರ್-ದ-ಫ್ರಾನ್ಸ್ ನಗರದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರಿ 1944ರಲ್ಲಿ ಗಾಯಗೊಂಡರು. ಶೌರ್ಯ ಪದಕವೂ ದೊರೆಯಿತು. ಯುದ್ಧಾನಂತರ ಲಿಯೋನ್ ನಗರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1951ರಲ್ಲಿ ಪದವಿ ಪಡೆದರು. ತಾವು ಯಾವ ದೇಶಕ್ಕಾಗಿ ಹೋರಾಡಿದ್ದರೋ ಅದೇ ದೇಶದಲ್ಲಿ ಮೈಬಣ್ಣದ ಕಾರಣಕ್ಕೆ ಪರಕೀಯರಾದ ಅನುಭವವು 1952ರ 'ಕಪ್ಪು ಚರ್ಮ, ಬಿಳಿ ಮುಖವಾಡಗಳು' ಕೃತಿಗೆ ಪ್ರೇರಣೆಯಾಯಿತು.

ವಲಸೆ ಕಾರ್ಮಿಕರ ಕುರಿತ ಲೇಖನ

ಅದೇ ವರ್ಷ 'ಎಸ್ಪ್ರಿ' ಪತ್ರಿಕೆಯಲ್ಲಿ ಇವರ 'ಉತ್ತರ ಆಫ್ರಿಕನ್ ಸಿಂಡ್ರೋಮ್' ಲೇಖನ ಪ್ರಕಟವಾಯಿತು. ದುಡಿಮೆಗಾಗಿ ಫ್ರಾನ್ಸಿಗೆ ಬಂದ ಉತ್ತರ ಆಫ್ರಿಕಾದ ಕಾರ್ಮಿಕರು ಮೈಯೆಲ್ಲ ನೋವೆಂದು ವೈದ್ಯರ ಬಳಿಗೆ ಬರುತ್ತಿದ್ದರು. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದಿದ್ದಾಗ ಅವರನ್ನು ಸೋಮಾರಿಗಳೆಂದೋ ರೋಗದ ನಟನೆ ಮಾಡುವವರೆಂದೋ ಭಾವಿಸಲಾಗುತ್ತಿತ್ತು. ಫ್ಯಾನನ್ ದೋಷವನ್ನು ವೈದ್ಯರ ಪೂರ್ವಗ್ರಹದಲ್ಲಿ ಗುರುತಿಸಿದರು. ಸಂಸಾರದಿಂದ ದೂರವಾದ, ದುಡಿಮೆಯ ಭದ್ರತೆಯಿಲ್ಲದ, ಪ್ರೀತಿಸುವವರಿಲ್ಲದ ಮನುಷ್ಯನ ಬದುಕನ್ನು ವಿಚಾರಿಸದೆ ಅವನ ನೋವನ್ನು ಅರಿಯಲಾಗದು ಎಂಬುದು ಅವರ ವಾದವಾಗಿತ್ತು. ಶೀರ್ಷಿಕೆಯ 'ಸಿಂಡ್ರೋಮ್' ಎಂಬ ಪದವು ವ್ಯಂಗ್ಯವೇ ಹೊರತು ರೋಗದ ಹೆಸರಲ್ಲ.

ಬ್ಲಿಡಾ ಆಸ್ಪತ್ರೆ

ಸೇಂಟ್-ಆಲ್ಬಾನ್ ಆಸ್ಪತ್ರೆಯಲ್ಲಿ ಇವರ ಗುರುವಾಗಿದ್ದ ಫ್ರಾನ್ಸುವಾ ಟೊಸ್ಕೆಲ್ಸ್ ಸ್ವತಃ ಫ್ರಾಂಕೋನ ಸ್ಪೇನಿನಿಂದ ಪಾರಾಗಿ ಬಂದ ನಿರಾಶ್ರಿತರು. ಆಸ್ಪತ್ರೆಯನ್ನೇ ಒಂದು ಸಮುದಾಯವನ್ನಾಗಿಸುವ ಸಾಮಾಜಿಕ ಚಿಕಿತ್ಸೆಯನ್ನು ಫ್ಯಾನನ್ ಅವರಿಂದ ಕಲಿತರು. 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಮನೋರೋಗ ಆಸ್ಪತ್ರೆಗೆ ಬಂದು ಅದನ್ನು ಪ್ರಯೋಗಿಸಿದಾಗ ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿ ಫಲ ಕಂಡಿತು, ಮುಸ್ಲಿಂ ಪುರುಷರ ವಾರ್ಡಿನಲ್ಲಿ ವಿಫಲವಾಯಿತು. ರೋಗಿಗಳನ್ನು ದೂರುವ ಬದಲು ಫ್ಯಾನನ್ ಮತ್ತು ಸಹೋದ್ಯೋಗಿ ಜಾಕ್ ಅಜೂಲೆ ತಮ್ಮ ವಿಧಾನವನ್ನೇ ಪರಿಶೀಲಿಸಿದರು: ನಾಟಕ, ಹಾಡು, ಹಬ್ಬ ಎಲ್ಲವೂ ಯುರೋಪಿನವಾಗಿದ್ದವು. ಬಳಿಕ ಮೂರಿಷ್ ಶೈಲಿಯ ಕಾಫಿ ಕೋಣೆ ಆರಂಭವಾಯಿತು, ಮುಸ್ಲಿಂ ಹಬ್ಬಗಳ ಆಚರಣೆ ನಡೆಯಿತು, ಕಥೆಗಾರರು ಬಂದರು. ಅಲ್ಜೀರಿಯನ್ನರ ಮಿದುಳೇ ಕೀಳೆಂದು ಬೋಧಿಸುತ್ತಿದ್ದ ಅಂದಿನ ಅಲ್ಜಿಯರ್ಸ್ ಮನೋವೈದ್ಯ ಪಂಥಕ್ಕೆ ಇದು ನೇರ ಉತ್ತರವಾಗಿತ್ತು.

ಗಡೀಪಾರು ಮತ್ತು ನಿರಾಶ್ರಿತರ ಚಿಕಿತ್ಸೆ

ಸ್ವಾತಂತ್ರ್ಯ ಯುದ್ಧದ ನಡುವೆ, 1956ರಲ್ಲಿ ಹುದ್ದೆಗೆ ರಾಜೀನಾಮೆ ನೀಡಿದ ಫ್ಯಾನನ್ 1957ರ ಜನವರಿಯಲ್ಲಿ ಗಡೀಪಾರಾದರು. ಟ್ಯುನಿಸ್‌ನಲ್ಲಿ ವಿಮೋಚನಾ ರಂಗದ ಕೆಲಸದೊಂದಿಗೆ ವೈದ್ಯವೃತ್ತಿಯನ್ನೂ ಮುಂದುವರಿಸಿ, ಷಾರ್ಲ್ ನಿಕೋಲ್ ಆಸ್ಪತ್ರೆಯಲ್ಲಿ ಹಗಲು ಚಿಕಿತ್ಸಾ ಕೇಂದ್ರವನ್ನು ನಡೆಸಿದರು. ಟ್ಯುನೀಷಿಯಾ, ಮೊರಾಕೊ ಗಡಿಗಳಲ್ಲಿದ್ದ ಅಲ್ಜೀರಿಯನ್ ನಿರಾಶ್ರಿತ ಬಾಣಂತಿಯರ ಮನೋರೋಗಗಳನ್ನು 1961ರ 'ಭೂಮಿಯ ಶಾಪಗ್ರಸ್ತರು' ಗ್ರಂಥದ ಕೊನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾರೆ. ಚಿಕಿತ್ಸೆಯಿಂದ ಗುಣವಾದರೂ ಶಿಬಿರದ ದಾರಿದ್ರ್ಯವು ರೋಗವನ್ನು ಪೋಷಿಸುತ್ತಲೇ ಇತ್ತೆಂದು ಅವರು ಗಮನಿಸಿದ್ದರು.

ನಿಧನ

ರಕ್ತದ ಕ್ಯಾನ್ಸರಿನಿಂದ ಅಮೆರಿಕದ ಮೇರಿಲ್ಯಾಂಡಿನಲ್ಲಿ, 36ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಟ್ಯುನೀಷಿಯಾದಿಂದ ಗಡಿ ದಾಟಿಸಿ ಅಲ್ಜೀರಿಯಾದ ಮಣ್ಣಿನಲ್ಲಿ ಸಮಾಧಿ ಮಾಡಲಾಯಿತು. ಬ್ಲಿಡಾದ ಆಸ್ಪತ್ರೆಗೆ ಈಗ ಅವರ ಹೆಸರಿದೆ.