ಇರುಳಿಗೆ ನೀಲಿ ಬಳಿದವರು

ಜರ್ಮನಿಗೆ ಬರಬೇಕೆಂದಿರುವ ಕಿರಿಯ ವೈದ್ಯರು ನನ್ನಲ್ಲಿ ಚಳಿಯ ಬಗ್ಗೆ ವಿಚಾರಿಸುತ್ತಾರೆ. ಕತ್ತಲೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನಿರುವ ಲ್ಯೂಬೆಕ್ ನಗರದಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಇರುಳಿಳಿಯುತ್ತದೆ. ಬಂದ ಹೊಸದರಲ್ಲಿ ರಾತ್ರಿ ಪಾಳಿಗೆ ಹೊರಟಾಗ, ಟ್ರಾವೆ ನದಿಯಂಚಿನ ಹಳೆಯ ಉಪ್ಪಿನ ಉಗ್ರಾಣಗಳನ್ನು ಕಂಡರೆ ಅಳುಕಾಗುತ್ತಿತ್ತು. ಅವುಗಳನ್ನೇ ರಕ್ತಪಿಶಾಚಿಯ ಮನೆಯಾಗಿ ತೋರಿಸಿದ ನಿರ್ದೇಶಕರೊಬ್ಬರಿದ್ದರೆಂದು ಅನಂತರ ತಿಳಿಯಿತು. ಅವರೇ ಎಫ್. ಡಬ್ಲ್ಯು. ಮುರ್ನೌ.

1888ರಲ್ಲಿ ಬೀಲೆಫೆಲ್ಡ್‌ನಲ್ಲಿ ಜನಿಸಿದ ಅವರ ಮೂಲ ಹೆಸರು ಫ್ರೀಡ್ರಿಷ್ ವಿಲ್‌ಹೆಲ್ಮ್ ಪ್ಲುಂಪೆ. ಹೈಡೆಲ್‌ಬರ್ಗ್‌ನಲ್ಲಿ ಓದಿದರು, ಮ್ಯಾಕ್ಸ್ ರೈನ್‌ಹಾರ್ಟ್ ಅವರ ಬಳಗದಲ್ಲಿ ರಂಗಭೂಮಿಯನ್ನು ಕಲಿತರು, ಬವೇರಿಯದ ಮುರ್ನೌ ಎಂಬ ಊರಿನ ಹೆಸರನ್ನು ತಮ್ಮದಾಗಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಚಲನಚಿತ್ರಕ್ಕೆ ಬಂದರು.

1922ರಲ್ಲಿ ತೆರೆಕಂಡ ‘ನೊಸ್ಫೆರಾಟು’ ಮೂಕಚಿತ್ರ. ಅಂದಿನ ಫಿಲ್ಮಿಗೆ ನಿಜವಾದ ಇರುಳನ್ನು ಹಿಡಿಯುವಷ್ಟು ಸೂಕ್ಷ್ಮತೆ ಇರಲಿಲ್ಲ. ಆದ್ದರಿಂದ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ಚಿತ್ರಿಸಿ, ಆ ಭಾಗದ ಫಿಲ್ಮಿಗೆ ನೀಲಿ ಬಣ್ಣ ಕೊಡಲಾಯಿತು; ಹಗಲಿಗೆ ಹಳದಿ, ನಸುಕಿಗೆ ಗುಲಾಬಿ. ಮೆಟ್ಟಿಲೇರುವ ಪಿಶಾಚಿಯನ್ನು ತೋರಿಸದೆ ಗೋಡೆಯ ಮೇಲೆ ಅದರ ನೆರಳನ್ನಷ್ಟೇ ತೋರಿಸಿದರು. ಹಾನ್ಸ್ ಎರ್ಡ್‌ಮನ್ ರಚಿಸಿದ ಸಂಗೀತವನ್ನು ಬರ್ಲಿನ್ನಿನ ಮೊದಲ ಪ್ರದರ್ಶನದಲ್ಲಿ ವಾದ್ಯವೃಂದವೇ ನುಡಿಸಿತು. ಕೊನೆಗೆ ಪಿಶಾಚಿ ಸಾಯುವುದು ಬೆಳಗಿನ ಬೆಳಕು ತಾಗಿ. ಬಣ್ಣ ಅಳಿದ ಕಪ್ಪು-ಬಿಳುಪು ಪ್ರತಿಗಳಲ್ಲಿ ಇರುಳು ಯಾವುದು, ನಸುಕು ಯಾವುದು ಎಂಬುದೇ ತಿಳಿಯದೆ, ಪಿಶಾಚಿ ನಡುಹಗಲಲ್ಲಿ ಓಡಾಡಿದಂತೆ ಕಾಣುತ್ತದೆ.

ಕಥೆ ಬ್ರಾಮ್ ಸ್ಟೋಕರರ ‘ಡ್ರಾಕುಲಾ’ದಿಂದ ಅನುಮತಿಯಿಲ್ಲದೆ ಪಡೆದದ್ದು. ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿದರು. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂಬ ತೀರ್ಪು ಬಂತು. ಆದರೆ ಗಡಿ ದಾಟಿದ್ದ ಪ್ರತಿಗಳು ಉಳಿದುಕೊಂಡವು. ಫ್ರಾನ್ಸಿನಲ್ಲಿದ್ದ ಬಣ್ಣದ ಪ್ರತಿಯೊಂದರಿಂದಲೇ ಮುಂದೆ ಆ ನೀಲಿಯನ್ನೂ ಗುಲಾಬಿಯನ್ನೂ ಮರಳಿ ಪಡೆಯಲಾಯಿತು.

1926ರಲ್ಲಿ ಮುರ್ನೌ ತಾವೂ ದೇಶ ಬಿಟ್ಟು ಹಾಲಿವುಡ್ ಸೇರಿದರು. ಅಲ್ಲಿ ಮಾಡಿದ ‘ಸನ್‌ರೈಸ್’ ಛಾಯಾಗ್ರಹಣಕ್ಕೆ ಮೊದಲ ಆಸ್ಕರ್ ಸಮಾರಂಭದಲ್ಲೇ ಪ್ರಶಸ್ತಿ ಪಡೆಯಿತು. 1931ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಬಳಿ ಕಾರು ಅಪಘಾತಕ್ಕೀಡಾಗಿ, ಮರುದಿನ ತೀರಿಕೊಂಡರು. ವಯಸ್ಸು 42. ಕೊನೆಯ ಚಿತ್ರ ‘ಟಾಬೂ’ ತೆರೆಕಂಡದ್ದು ಅದಾದ ಒಂದು ವಾರಕ್ಕೆ. ಅವರ ದೇಹವನ್ನು ಸ್ವದೇಶಕ್ಕೆ ತಂದು ಬರ್ಲಿನ್ ಸಮೀಪದ ಸ್ಟಾನ್ಸ್‌ಡಾರ್ಫ್‌ನಲ್ಲಿ ಹೂಳಲಾಯಿತು. ಹೊರನಾಡು ಸೇರಿದ ಚಿತ್ರ ಬದುಕಿತು. ಹೊರನಾಡು ಸೇರಿದ ಅವರು ಬದುಕಿ ಮರಳಲಿಲ್ಲ. ಊರು ಬಿಟ್ಟು ಬಂದ ನನ್ನಂಥವರಿಗೆ ಈ ಮಾತು ಚುಚ್ಚದೆ ಇರದು.

ರಾತ್ರಿ ಪಾಳಿಯಲ್ಲಿ ರೋಗಿಗಳ ಭಯ ಮೂರು ಗಂಟೆಯ ಹೊತ್ತಿಗೆ ಹೆಚ್ಚುವುದನ್ನೂ, ಕಿಟಕಿ ಬೆಳ್ಳಗಾದೊಡನೆ ಇಳಿಯುವುದನ್ನೂ ವರ್ಷಗಳಿಂದ ಕಂಡಿದ್ದೇನೆ. ಮದ್ದು ಅದೇ, ಬದಲಾದದ್ದು ಬೆಳಕು ಮಾತ್ರ. ಆಗೆಲ್ಲ ಮುರ್ನೌ ನೆನಪಾಗುತ್ತಾರೆ. ಇಲ್ಲಿಗೆ ಬರುವ ಕಿರಿಯರಿಗೆ ಹೇಳುವುದಿಷ್ಟೆ: ಸ್ವೆಟರಿನ ಜೊತೆಗೆ ಒಂದು ಒಳ್ಳೆಯ ದೀಪವನ್ನೂ ಕೊಂಡುಕೊಳ್ಳಿ.