ಇಂದಿನ ಧಮ್ಮ ಚಿಂತನೆ: ತವರಿಗೆ ಮರಳದ ಭದ್ದಾ



ಭದ್ದಾ ಕುಂಡಲಕೇಸಿ ಥೇರಿಯ ಬದುಕನ್ನು ನಮ್ಮ ಅಧ್ಯಯನ ಕೂಟದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಸಾರಿಪುತ್ತರ ಜೊತೆಗಿನ ವಾದದಿಂದಲೇ ಶುರು ಮಾಡುತ್ತಿದ್ದೆ. ಅದಕ್ಕೆ ಮುಂಚಿನದನ್ನು ಹೇಳಲು ಹಿಂಜರಿಕೆ. ಇಂದು ಅದನ್ನೇ ಬರೆಯುತ್ತೇನೆ.

ರಾಜಗಹದ ಸಿರಿವಂತ ಶ್ರೇಷ್ಠಿಯ ಮಗಳು ಆಕೆ. ಮರಣದಂಡನೆಗೆ ಒಯ್ಯುತ್ತಿದ್ದ ಸತ್ತುಕನೆಂಬ ಕಳ್ಳನನ್ನು ಕಿಟಕಿಯಿಂದ ನೋಡಿ ಮನಸೋತಳು. ತಂದೆ ಲಂಚ ಕೊಟ್ಟು ಅವನನ್ನು ಬಿಡಿಸಿ ಮಗಳಿಗೆ ಗಂಡನಾಗಿಸಿದ. ಕೆಲವೇ ದಿನಗಳಲ್ಲಿ ಅವನ ಕಣ್ಣು ಒಡವೆಗಳ ಮೇಲೆ ಬಿತ್ತು. ಅಟ್ಠಕಥೆ ಹೇಳುವ ಕ್ರಮ ಗಮನಿಸಿ. ಮೊದಲು ಅವನು ಊಟ ಬಿಟ್ಟು ಮಲಗಿದ. ಏನಾಯಿತೆಂದು ಆಕೆಯೇ ಕೇಳುವಂತಾಯಿತು. ಆಮೇಲೆ ಬೆಟ್ಟದ ದೇವತೆಗೆ ಹರಕೆ ಇದೆಯೆಂಬ ಸುಳ್ಳು. ಒಡವೆಯನ್ನೆಲ್ಲ ತೊಟ್ಟು ಬರಬೇಕು, ಜೊತೆಯವರು ಕೆಳಗೇ ಉಳಿಯಬೇಕು ಎಂಬ ಅಪ್ಪಣೆ. ಕೈ ಎತ್ತುವ ಮೊದಲೇ ಅರ್ಧ ಹಿಂಸೆ ಮುಗಿದಿತ್ತು. ಬಂಡೆಯ ತುದಿಯಲ್ಲಿ ಒಡವೆಯೂ ತಾನೂ ಅವನದೇ ಎಂದು ಬೇಡಿಕೊಂಡರೂ ಅವನು ಕೊಲ್ಲಲು ನಿಂತ. ಕೊನೆಯ ಬಾರಿ ಅಪ್ಪಿಕೊಳ್ಳುವ ನೆಪದಲ್ಲಿ ಆಕೆ ಅವನನ್ನೇ ತಳ್ಳಿದಳು.

ದಿನವೂ ಪಂಚಶೀಲ ಹೇಳುವ ನಾವು ಇಲ್ಲಿ ತಡವರಿಸುತ್ತೇವೆ. ತಡವರಿಸಬೇಕು ಕೂಡ. ಆದರೆ ನನ್ನನ್ನು ಕಾಡುವುದು ಮುಂದಿನದು. ಆಕೆ ತವರಿಗೆ ಹೋಗಲಿಲ್ಲ. ಅವನೇ ಕೊಲ್ಲಲು ಬಂದ ಎಂದರೆ ಯಾರೂ ನಂಬುವುದಿಲ್ಲ, ಮಾತಿನಲ್ಲೇ ಇರಿಯುತ್ತಾರೆ ಎಂದು ಆಕೆಗೆ ಗೊತ್ತಿತ್ತು.

ನನ್ನ ತಂಗಿ ಗಂಡನ ಏಟು ತಾಳದೆ ಮೂರು ಸಲ ಮನೆಗೆ ಬಂದಿದ್ದಳು. ಮೂರು ಸಲವೂ ಹೊಂದಿಕೊಂಡು ಹೋಗು ಎಂದು ಬಸ್ ಹತ್ತಿಸಿದವನು ನಾನೇ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇತ್ತು. ಅದೇ ರಾಜಗಹದಲ್ಲಿ ಬುದ್ಧರು ಸಿಗಾಲನಿಗೆ ಗಂಡನ ಕರ್ತವ್ಯ ಹೇಳುವಾಗ ಹೆಂಡತಿಯನ್ನು ಗೌರವಿಸುವುದು, ಅವಮಾನಿಸದಿರುವುದು ಮೊದಲೆರಡು. ಅದನ್ನು ಬಾಯಿಪಾಠ ಮಾಡಿದ್ದವನೂ ನಾನೇ.

ಭದ್ದಾ ನಿಗಂಠರನ್ನು ಸೇರಿದಳು. ಅಲ್ಲಿ ಕಿತ್ತ ಕೂದಲು ಗುಂಗುರಾಗಿ ಬೆಳೆದು ಕುಂಡಲಕೇಸಿ ಎಂಬ ಹೆಸರಾಯಿತು. ಊರೂರಲ್ಲಿ ಮರಳಗುಡ್ಡೆಯ ಮೇಲೆ ನೇರಳೆ ಕೊಂಬೆ ನೆಟ್ಟು ವಾದಕ್ಕೆ ಕರೆದಳು. ಸಾರಿಪುತ್ತರ ಒಂದೇ ಪ್ರಶ್ನೆಗೆ ಉತ್ತರ ಹೊಳೆಯದೆ ಬುದ್ಧರ ಬಳಿ ಬಂದಳು. ಥೇರಿಗಾಥಾದಲ್ಲಿ ಆ ಜಾಗ ಗಿಜ್ಝಕೂಟ, ಅದೂ ರಾಜಗಹದ ಬೆಟ್ಟವೇ. ಬುದ್ಧರು ಹೆಸರು ಹಿಡಿದು ಬಾ ಎಂದರು, ಅದೇ ದೀಕ್ಷೆ. ಸತ್ತ ಗಂಡನ ವಿಚಾರಣೆ ಆ ಗಾಥೆಯಲ್ಲಿಲ್ಲ.

ಅದನ್ನು ಓದಿದ ಮೇಲೆ, ನಾಲ್ಕನೆಯ ಸಲ ಬಂದ ತಂಗಿಯ ಚೀಲ ಇಳಿಸಿಕೊಂಡೆ. ಏನೂ ಕೇಳಲಿಲ್ಲ.

ಬೇಗ ಅರಿವು ಪಡೆದ ಭಿಕ್ಖುಣಿಯರಲ್ಲಿ ಭದ್ದಾ ಥೇರಿಯೇ ಮೊದಲಿಗರೆಂದು ಬುದ್ಧರು ಹೇಳಿದರು. ಆಮೇಲೆ 50 ವರ್ಷ ಅವರು ಅಂಗ, ಮಗಧ, ವಜ್ಜಿ, ಕಾಸಿ, ಕೋಸಲಗಳಲ್ಲಿ ನಡೆದಾಡಿದರು, ಯಾರ ಋಣವೂ ಇಲ್ಲದೆ ಭಿಕ್ಷೆ ಉಂಡರು.

ಭವತು ಸಬ್ಬ ಮಂಗಲಂ.